ಬೆಕ್ಕಿರುವ ಮನೆಗೆ ಲಿಲ್ಲಿ ಬೇಡ

ಮನೆಯಲ್ಲಿ ಬೆಕ್ಕಿದೆಯೇ? ಹಾಗಿದ್ದರೆ ಯಾರೋ ಪ್ರೀತಿಯಿಂದ ಕೊಟ್ಟ ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಅದನ್ನು ಹೊಸ್ತಿಲಾಚೆಗೇ ಬಿಡಿ. ಈಸ್ಟರ್ ಲಿಲ್ಲಿ, ಟೈಗರ್ ಲಿಲ್ಲಿ, ಏಷ್ಯಾಟಿಕ್ ಲಿಲ್ಲಿ, ಡೇ ಲಿಲ್ಲಿ, ಇವುಗಳ ಎಲೆ, ಎಸಳು, ಪರಾಗ ಎಲ್ಲವೂ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ. ಕಚ್ಚಿ ತಿನ್ನಬೇಕೆಂದೇನೂ ಇಲ್ಲ. ಮೈಗೆ ಅಂಟಿದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಪ್ರಾಣಕ್ಕೆ ಕುತ್ತು. ಮೊದಲು ವಾಂತಿ, ಮಂಕು. ವಾಂತಿ ನಿಂತಿತೆಂದು ದಯವಿಟ್ಟು ಸುಮ್ಮನಾಗಬೇಡಿ. ಒಳಗೊಳಗೇ ಮೂತ್ರಪಿಂಡ ಕೆಡುತ್ತಿರುತ್ತದೆ, ಒಂದರಿಂದ ಮೂರು ದಿನದಲ್ಲಿ ಪೂರ್ತಿ ಸೋಲುತ್ತದೆ. ಬೇಗ ಡ್ರಿಪ್ ಹಾಕಿಸಿದರೆ ಮಾತ್ರ ಉಳಿಯುವ ಆಸೆ.

ನಾಯಿ ಸಾಕಿದವರು ಅಂಜಬೇಕಾದದ್ದು ಸೈಕಸ್‌ಗೆ. ನರ್ಸರಿಗಳಲ್ಲಿ ಸಾಗೋ ಪಾಮ್ ಎನ್ನುತ್ತಾರೆ. ಇದರ ಒಂದೆರಡು ಬೀಜ ಸಾಕು, ಯಕೃತ್ತು ಹಾಳಾಗಲು. ಅಂಗಳದ ಕಣಗಿಲೆ ಹೃದಯದ ಬಡಿತವನ್ನೇ ಕೆಡಿಸುತ್ತದೆ.

ಮನಿ ಪ್ಲಾಂಟ್, ಡೈಫನ್‌ಬೇಕಿಯಾ ಇಷ್ಟು ಘೋರವಲ್ಲ. ಸರಿಯಾಗಿ ಬೇಯದ ಕೆಸುವಿನೆಲೆ ನಮ್ಮ ಗಂಟಲು ತುರಿಸುತ್ತದಲ್ಲ, ಅದೇ ಆಕ್ಸಲೇಟ್ ಹರಳು ಇವುಗಳಲ್ಲೂ ಇದೆ. ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ಕುಂಡವನ್ನು ಎತ್ತರದಲ್ಲಿಟ್ಟರೆ ನಾಯಿಗೆ ಎಟಕದು, ಬೆಕ್ಕಿಗೆ ಎಟಕದ ಎತ್ತರವೇ ಇಲ್ಲ! ಹಸಿರು ಬೇಕೆಂದರೆ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬಾಸ್ಟನ್ ಫರ್ನ್ ಬೆಳೆಸಿ.

ತಿಂದದ್ದು ಕಂಡರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದೇ ಇನ್ನೊಂದು ಅಪಾಯ. ಲಕ್ಷಣಗಳಿಗೆ ಕಾಯದೆ, ಗಿಡದ ತುಂಡನ್ನೋ ಫೋಟೋವನ್ನೋ ಹಿಡಿದು ಆಗಲೇ ಪಶುವೈದ್ಯರಲ್ಲಿಗೆ ಓಡಿ.