ತೊಗರಿಗೆ ಕಿರಣ: ಹೆದರಿಕೆ ಎಷ್ಟು, ಉಪಯೋಗ ಎಷ್ಟು?

ರಾಶಿ ಆದ ಕೂಡಲೇ ನಮ್ಮ ಹಿರೋಳ್ಳಿ ಕಡೆ ಸಣ್ಣ ರೈತ ತೊಗರಿ ಮಾರಲಿಕ್ಕೆ ಎರಡು ಕಾರಣ. ಒಂದು ಸಾಲ, ಇನ್ನೊಂದು ಹುಳ. ಹುಳ ಬೀಳೂದಿಲ್ಲ ಅಂತ ಖಾತ್ರಿ ಇದ್ದರೆ ನಾಲ್ಕು ತಿಂಗಳು ಇಟ್ಟು ದರ ನೋಡಬಹುದು. 2024ರ ಕೇಂದ್ರ ಬಜೆಟ್‌ನಲ್ಲಿ 50 ಆಹಾರ ವಿಕಿರಣ ಘಟಕಗಳಿಗೆ ನೆರವು ಘೋಷಿಸಿದರು. ಆದರೆ "ಅಣುಶಕ್ತಿ ಹಾಯಿಸಿದ ಕಾಳು ತಿನ್ನಬಹುದೇನ್ರಿ?" ಎಂಬ ಅಂಜಿಕೆ ಅದ. ನಾನು ಏಳನೇ ಇಯತ್ತೆ ಓದಿದಾಂವ. ತಿಳಿದಷ್ಟು ಬರೀತೀನಿ.

ಕೆಲಸ ಹೇಗೆ?

ಕೋಬಾಲ್ಟ್-60 ಎಂಬ ಲೋಹದಿಂದ ಗಾಮಾ ಕಿರಣ ಹೊರಡ್ತದ. ಕಾಳಿನ ಚೀಲ ಅದರ ಮುಂದೆ ಹಾದು ಹೋಗ್ತದ, ಲೋಹ ಕಾಳಿಗೆ ತಾಗೂದಿಲ್ಲ. ಬಿಸಿಲಿಗೆ ಹರವಿದ ಕಾಳಿನೊಳಗೆ ಬಿಸಿಲು ಉಳೀತದೇನು? ಹಾಗೇ ಕಿರಣವೂ ಉಳಿಯೂದಿಲ್ಲ. ಬೇಳೆಕಾಳಿಗೆ ನಮ್ಮ ದೇಶದ ನಿಯಮದಲ್ಲಿ 0.25ರಿಂದ 1 ಕಿಲೋಗ್ರೇ ಪ್ರಮಾಣ. ಕಾಳಿನೊಳಗಿನ ಮೊಟ್ಟೆ, ಮರಿ ಬೆಳೆಯೂದು ನಿಲ್ತದ.

ವಾದ ಯಾಕೆ ಬಂತು?

1975ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು, ಆಗಷ್ಟೇ ಕಿರಣ ಹಾಯಿಸಿದ ಗೋಧಿ ತಿಂದ ಅಪೌಷ್ಟಿಕ ಮಕ್ಕಳ ರಕ್ತಕಣದಲ್ಲಿ ಬದಲಾವಣೆ ಕಂಡಿದ್ದಾಗಿ ಬರೆದರು. ಭಾಭಾ ಅಣು ಸಂಶೋಧನಾ ಕೇಂದ್ರದವರು ಒಪ್ಪಲಿಲ್ಲ. ಸರಕಾರದ ಸಮಿತಿಯೂ ಆ ತೀರ್ಮಾನಕ್ಕೆ ಆಧಾರ ಸಾಲದು ಎಂದಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೇರಿದ ತಜ್ಞರ ಸಮಿತಿ 10 ಕಿಲೋಗ್ರೇವರೆಗೆ ಅಪಾಯ ಇಲ್ಲ ಎಂದಿತು. ಕೆಲ ಜೀವಸತ್ವ ಸ್ವಲ್ಪ ಕಡಿಮೆ ಆಗೂದು ಖರೆ. ಅಡುಗೆ ಮಾಡಿದರೂ ಆಗ್ತದ.

ನಮ್ಮ ಲೆಕ್ಕ ಬೇರೆ

ತಿನ್ನಲಿಕ್ಕೆ ಅಂಜಬೇಕಿಲ್ಲ, ನಾನು ಒಪ್ಪಿದೆ. ಆದರೆ ರೈತ ನಾಲ್ಕು ಮಾತು ನೆನಪಿಡಬೇಕು.

1. ಕಿರಣ ಹಾಯಿಸಿದ ಕಾಳು ಬೀಜಕ್ಕೆ ಬರೂದಿಲ್ಲ. ಬಿತ್ತನೆ ಕಾಳು ಮೊದಲೇ ತೆಗೆದಿಡಿ.

2. ಕಿರಣ ಕಾವಲು ಕಾಯೂದಿಲ್ಲ. ಚೀಲ ಬಿಚ್ಚಿಟ್ಟರೆ ಹೊಸ ಹುಳ ಮತ್ತೆ ಬರ್ತದ. ಚೀಲ ಭದ್ರ ಇರಬೇಕು.

3. ಕೆಟ್ಟಿದ್ದು ಒಳ್ಳೇದಾಗೂದಿಲ್ಲ. ಶೇಂಗಾದಾಗಿನ ಬೂಷ್ಟಿನ ವಿಷ ಹಂಗೇ ಉಳೀತದ.

4. ದೂರ. 2002ರಲ್ಲಿ ಉಳ್ಳಾಗಡ್ಡಿಗೆಂದು ಶುರುವಾದ ಘಟಕ ನಾಸಿಕ್ ಜಿಲ್ಲೆಯ ಲಾಸಲಗಾಂವದಾಗ ಅದ. 2007ರಲ್ಲಿ ಅಮೆರಿಕಕ್ಕೆ ಮಾವು ಹೋಗಿದ್ದು ಅಲ್ಲಿಂದಲೇ. ನಮ್ಮ ರಾಜ್ಯದ್ದು ಕೋಲಾರ ಜಿಲ್ಲೆಯ ಮಾಲೂರಿನಾಗ, ಇಲ್ಲಿಂದ 600 ಕಿ.ಮೀ. ಮೀರಿ. ಹತ್ತು ಚೀಲ ಹೊತ್ತು ಹೋದರೆ ಬಾಡಿಗೆಯೇ ಲಾಭ ತಿಂತದ.

ಹಾಗಾಗಿ ಘಟಕ ಕಲಬುರಗಿ ಮಾರುಕಟ್ಟೆ ಹತ್ತಿರ ಬರಲಿ, ಜೊತೆಗೆ ಗೋದಾಮೂ ಇರಲಿ ಅಂತ ನಾವು ಕೇಳಬೇಕು. ಇಲ್ಲಾಂದ್ರೆ ಲಾಭ ವ್ಯಾಪಾರಿಗೆ ಮಾತ್ರ. ಅಲ್ಲಿತನಕ ಹಲ್ಲಿಗೆ ಕಟಕ್ಕನ್ನೋ ಹಾಗೆ ಕಾಳು ಒಣಗಿಸಿರಿ. ಹುಳ ಹೊಲದಾಗೇ ಕಾಯಿ ಮೇಲೆ ಮೊಟ್ಟೆ ಇಡ್ತದ. ಅದಕ್ಕೇ ಕೊಯ್ಲು, ರಾಶಿ ತಡ ಮಾಡಬ್ಯಾಡ್ರಿ. ಹಳೇ ಚೀಲ ಝಾಡಿಸಿ, ಬಿಸಿಲು ಕೊಟ್ಟು ಬಳಸಿರಿ.