ನಾರ್‌ಈಸ್ಟರ್ ಹಿಮಬಿರುಗಾಳಿ: ಮುನ್ಸೂಚನೆಗಳು ಏಕೆ ಹೊಂದುವುದಿಲ್ಲ? (ಮುಖ್ಯಾಂಶಗಳು)

● ಏನಿದು? ಅಮೆರಿಕದ ಪೂರ್ವ ಕರಾವಳಿಗೆ ಮುಖ್ಯವಾಗಿ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಬಡಿಯುವ ಸಮಶೀತೋಷ್ಣ ವಲಯದ ಆವರ್ತ ಮಾರುತ. ಕರಾವಳಿಗೆ ಗಾಳಿ ಈಶಾನ್ಯದಿಂದ ಬೀಸುವುದರಿಂದ ಈ ಹೆಸರು. ಬಿರುಗಾಳಿ ಸಾಗುವುದೂ ಸಾಮಾನ್ಯವಾಗಿ ಈಶಾನ್ಯದ ಕಡೆಗೇ ಆದ್ದರಿಂದ ಹಲವರು ಇಲ್ಲೇ ಎಡವುತ್ತಾರೆ.

● ಶಕ್ತಿಯ ಮೂಲ: ಕೆನಡಾದ ಶೀತ ಗಾಳಿಗೂ ಗಲ್ಫ್ ಸ್ಟ್ರೀಮ್ ಉಷ್ಣ ಪ್ರವಾಹದ ಮೇಲಿನ ತೇವದ ಬಿಸಿಗಾಳಿಗೂ ನಡುವಣ ತಾಪಮಾನದ ಅಂತರ. ಬಂಗಾಳ ಕೊಲ್ಲಿಯ ಚಂಡಮಾರುತಕ್ಕೆ ಇಂಥ ಅಂತರ ಬೇಕಿಲ್ಲ, ಬೆಚ್ಚಗಿನ ಸಮುದ್ರವೇ ಅದರ ಉರುವಲು. ಎರಡರ ಹೋಲಿಕೆ ಕೇಳಿದರೆ ಮೊದಲು ಬರೆಯಬೇಕಾದ ಸಾಲು ಇದೇ.

● 'ಬಾಂಬ್': ಕೇಂದ್ರದ ಒತ್ತಡ 24 ಗಂಟೆಯಲ್ಲಿ ಸುಮಾರು 24 ಮಿಲಿಬಾರ್ ಕುಸಿದರೆ ಬಾಂಬ್ ಸೈಕ್ಲೋನ್ (ಸ್ಯಾಂಡರ್ಸ್ ಮತ್ತು ಗ್ಯಾಕಮ್, 1980). ಕೆಳಗಿನ ಅಕ್ಷಾಂಶಗಳಲ್ಲಿ ಈ ಮಿತಿ ಇನ್ನೂ ಕಡಿಮೆ.

● ಬ್ಲಿಜರ್ಡ್: ಗಂಟೆಗೆ 56 ಕಿ.ಮೀ. ಅಥವಾ ಹೆಚ್ಚಿನ ಗಾಳಿ, ಗೋಚರತೆ 400 ಮೀಟರಿಗಿಂತ ಕಡಿಮೆ, ಕನಿಷ್ಠ 3 ಗಂಟೆ. ಎಷ್ಟು ಹಿಮ ಬಿತ್ತೆಂಬ ಲೆಕ್ಕ ಈ ವ್ಯಾಖ್ಯೆಯಲ್ಲಿಲ್ಲ. ನೆಲದ ಹಿಮ ಗಾಳಿಗೆ ಹಾರಿದರೂ ಸಾಕು.

● ತಕರಾರು ಎಲ್ಲಿ? ಬಿರುಗಾಳಿ ಬರುತ್ತದೆಯೇ ಎನ್ನುವುದಕ್ಕಿಂತ ಯಾವ ದಾರಿ ಹಿಡಿಯುತ್ತದೆ ಎನ್ನುವುದರಲ್ಲಿ. ದಾರಿ ಕರಾವಳಿಗೆ ತೀರಾ ಹತ್ತಿರವಾದರೆ ಸಮುದ್ರದ ಬಿಸಿ ನುಗ್ಗಿ ಕರಾವಳಿಯ ನಗರಗಳಲ್ಲಿ ಬರೀ ಮಳೆ. ತೀರಾ ದೂರವಾದರೆ ಹಿಮವೆಲ್ಲ ಸಮುದ್ರದ ಪಾಲು. ದಾರಿ ಎಷ್ಟು ಹತ್ತಿರ, ಎಷ್ಟು ದೂರ ಎಂದು ಅಳೆಯಲು ಮುನ್ಸೂಚಕರು ಗಮನಿಸುವ ಗುರುತು 40° ಉತ್ತರ, 70° ಪಶ್ಚಿಮ. ಹಿಮದ ಪ್ರಮಾಣದಲ್ಲೂ ತೊಡಕಿದೆ: 1 ಇಂಚು ನೀರಿಗೆ ಸುಮಾರು 10 ಇಂಚು ಹಿಮ ಎಂಬುದು ರೂಢಿಯ ಲೆಕ್ಕ. ಹಾಗಾಗಿ ನೀರಿನ ಅಂದಾಜಿನ ಸಣ್ಣ ತಪ್ಪೂ ಹಿಮದಲ್ಲಿ ಹತ್ತುಪಟ್ಟಾಗಿ ಕಾಣುತ್ತದೆ.

● ಎರಡು ಕಂಪ್ಯೂಟರ್ ಮಾದರಿ: ಅಮೆರಿಕದ ಜಿಎಫ್‌ಎಸ್ (ದಿನಕ್ಕೆ 4 ಬಾರಿ ಲೆಕ್ಕ) ಮತ್ತು 1975ರಲ್ಲಿ ಸ್ಥಾಪನೆಯಾದ ಯುರೋಪಿನ ಇಸಿಎಂಡಬ್ಲ್ಯುಎಫ್ ಕೇಂದ್ರದ ಮಾದರಿ. 2012ರಲ್ಲಿ ಸ್ಯಾಂಡಿ ಚಂಡಮಾರುತ ಕರಾವಳಿಯತ್ತ ತಿರುಗುವುದನ್ನು ಯುರೋಪಿನ ಮಾದರಿ ಮೊದಲೇ ಹಿಡಿದಿತ್ತು. ಅದರ ಮೇಲೆ ನಂಬಿಕೆ ಹೆಚ್ಚಿದ್ದು ಹೀಗೆ. ಆರಂಭದ ಮಾಹಿತಿಯನ್ನು ತುಸು ತುಸು ಬದಲಿಸಿ ಒಂದೇ ಮಾದರಿಯನ್ನು ಹಲವು ಬಾರಿ ಓಡಿಸುವ 'ಎನ್ಸೆಂಬಲ್' ಪದ್ಧತಿ ಎರಡೂ ಕಡೆ 1992ರಿಂದ ನಿತ್ಯದ ಬಳಕೆಯಲ್ಲಿದೆ. ಇದರ ಬೇರು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಅವರ 1963ರ ಪ್ರಬಂಧದಲ್ಲಿದೆ.

● ಪಾಠವಾದ ಪ್ರಕರಣ, 2015 ಜನವರಿ 26–27: ಯುರೋಪಿನ ಮಾದರಿ ನ್ಯೂಯಾರ್ಕ್ ನಗರಕ್ಕೆ ಭಾರಿ ಹಿಮ ಹೇಳಿತು, ಜಿಎಫ್‌ಎಸ್ ಅದಕ್ಕಿಂತ ಬಹಳ ಕಡಿಮೆ. ರಾಷ್ಟ್ರೀಯ ಹವಾಮಾನ ಸೇವೆ ಮೊದಲನೆಯದರತ್ತ ವಾಲಿ 20ರಿಂದ 30 ಇಂಚಿನ ಎಚ್ಚರಿಕೆ ಕೊಟ್ಟಿತು. ಹಿಮದ ಕಾರಣಕ್ಕೆ ನಗರದ ಇಡೀ ಸಬ್‌ವೇ ಸೇವೆ ನಿಲ್ಲಿಸಿದ್ದು ಇತಿಹಾಸದಲ್ಲೇ ಮೊದಲು. ಬಿರುಗಾಳಿ ಸ್ವಲ್ಪ ಪೂರ್ವಕ್ಕೆ ಸರಿಯಿತು. ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದದ್ದು 9.8 ಇಂಚು, ಅಲ್ಲಿಂದ ಸುಮಾರು 75 ಕಿ.ಮೀ. ಪೂರ್ವದ ಐಸ್ಲಿಪ್‌ನಲ್ಲಿ 24.9, ಬಾಸ್ಟನ್‌ನಲ್ಲಿ 24.6, ವೂಸ್ಟರ್‌ನಲ್ಲಿ 34.5. ನ್ಯೂಜೆರ್ಸಿಯ ಹಿರಿಯ ಮುನ್ಸೂಚಕ ಗ್ಯಾರಿ ಜಟ್ಕೋವ್‌ಸ್ಕಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅನಿಶ್ಚಿತತೆಯನ್ನು ಇನ್ನೂ ಚೆನ್ನಾಗಿ ತಿಳಿಸಬೇಕಿತ್ತು ಎಂದು ಸೇವೆಯ ಆಗಿನ ನಿರ್ದೇಶಕ ಲೂಯಿ ಉಚ್ಚೆಲಿನಿ ಒಪ್ಪಿಕೊಂಡರು. ಬಾಸ್ಟನ್ನಿನವರನ್ನು ಕೇಳಿದರೆ ಮುನ್ಸೂಚನೆ ಸರಿಯಾಗಿಯೇ ಇತ್ತು ಎನ್ನುತ್ತಾರೆ. ಆದ್ದರಿಂದ 'ಮುನ್ಸೂಚನೆ ವಿಫಲ' ಎಂದಷ್ಟೇ ಬರೆದರೆ ಉತ್ತರ ಅರ್ಧವಾಗುತ್ತದೆ.

● ನೆನಪಿಡಬೇಕಾದ ವರ್ಷಗಳು: 1979 ಫೆಬ್ರವರಿ, ಮಾದರಿಗಳು ಸರಿಯಾಗಿ ಹಿಡಿಯದ ಬಿರುಗಾಳಿ. 1993 ಮಾರ್ಚ್, 'ಶತಮಾನದ ಬಿರುಗಾಳಿ', ಸುಮಾರು 5 ದಿನ ಮೊದಲೇ ಗೊತ್ತಿತ್ತು. 2000 ಜನವರಿ, ಮತ್ತೆ ಕೈತಪ್ಪಿತು. ರಾಲಿ ನಗರದಲ್ಲಿ ದಾಖಲೆಯ 20.3 ಇಂಚು. 2016 ಜನವರಿ, ಸೆಂಟ್ರಲ್ ಪಾರ್ಕ್‌ನಲ್ಲಿ 27.5 ಇಂಚು.

● ಮಾಪಕ: ಪಾಲ್ ಕೋಸಿನ್ ಮತ್ತು ಉಚ್ಚೆಲಿನಿ 2004ರಲ್ಲಿ ರೂಪಿಸಿದ, ಹಿಮಬಿರುಗಾಳಿಯ ಪರಿಣಾಮ ಅಳೆಯುವ ನೆಸಿಸ್. ಹಿಮದ ಪ್ರಮಾಣ, ವ್ಯಾಪ್ತಿ, ಜನಸಂಖ್ಯೆ ಸೇರಿಸಿ 1ರಿಂದ 5ರವರೆಗೆ ಶ್ರೇಣಿ.

● ಹೆಸರುಗಳು: 2015ರದ್ದಕ್ಕೆ 'ಜುನೋ', 2016ರದ್ದಕ್ಕೆ 'ಜೋನಾಸ್' ಎಂದು ಹೆಸರಿಟ್ಟದ್ದು ವೆದರ್ ಚಾನೆಲ್ ಎಂಬ ಖಾಸಗಿ ವಾಹಿನಿ. ರಾಷ್ಟ್ರೀಯ ಹವಾಮಾನ ಸೇವೆ ಈ ಹೆಸರುಗಳನ್ನು ಬಳಸುವುದಿಲ್ಲ.