ಮೂತ್ರ ಪರೀಕ್ಷೆ ಮತ್ತು ಕೆಂಪು ರಕ್ತಕಣಗಳ ನಾಶ

ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನಗಳು. ಅನಂತರ ಅದು ನಾಶವಾಗಿ, ಅದರ ಸ್ಥಾನವನ್ನು ಅಸ್ಥಿಮಜ್ಜೆಯಲ್ಲಿ ಹುಟ್ಟಿದ ಹೊಸ ಕಣವು ತುಂಬುತ್ತದೆ. ರಕ್ತಕಣಗಳು ಅಕಾಲದಲ್ಲಿ ಒಡೆಯುವ ಸ್ಥಿತಿಯನ್ನು ವೈದ್ಯರು ಹಿಮೋಲಿಸಿಸ್ ಎನ್ನುತ್ತಾರೆ. ಇದರ ಸುಳಿವು ಹಲವು ವೇಳೆ ಮೂತ್ರದಲ್ಲಿಯೇ ದೊರೆಯುತ್ತದೆ.

ಒಡೆದ ಕಣದ ಹಿಮೋಗ್ಲೋಬಿನ್‌ನಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಇದು ಪಿತ್ತರಸದೊಡನೆ ಕರುಳನ್ನು ಸೇರಿ ಯೂರೋಬಿಲಿನೋಜನ್ ಆಗಿ ಮಾರ್ಪಡುತ್ತದೆ. ಅದರ ಅಲ್ಪಾಂಶವು ಮೂತ್ರದಲ್ಲಿ ಹೊರಬೀಳುತ್ತದೆ. ಕಾಮಾಲೆಯಿರುವ ರೋಗಿಯ ಮೂತ್ರದಲ್ಲಿ ಯೂರೋಬಿಲಿನೋಜನ್ ಹೆಚ್ಚಾಗಿದ್ದು ಬಿಲಿರುಬಿನ್ ಇಲ್ಲದಿದ್ದರೆ ರಕ್ತಕಣಗಳ ನಾಶವನ್ನು ಶಂಕಿಸಬೇಕಾಗುತ್ತದೆ. ಪಿತ್ತನಾಳಕ್ಕೆ ಅಡ್ಡಿಯಾದಾಗ ಫಲಿತಾಂಶವು ಇದಕ್ಕೆ ವಿರುದ್ಧವಾಗಿರುತ್ತದೆ.

ಕಣಗಳು ರಕ್ತನಾಳದೊಳಗೇ ಅಧಿಕ ಪ್ರಮಾಣದಲ್ಲಿ ಒಡೆದರೆ ಹಿಮೋಗ್ಲೋಬಿನ್ ನೇರವಾಗಿ ಮೂತ್ರಕ್ಕೆ ಇಳಿಯುತ್ತದೆ. ಆಗ ಮೂತ್ರವು ಚಹಾ ಡಿಕಾಕ್ಷನ್ನಿನಂತೆ ಕಪ್ಪಾಗುತ್ತದೆ. ಪರೀಕ್ಷಾಪಟ್ಟಿಯು ‘ರಕ್ತವಿದೆ’ ಎಂದು ತೋರಿಸಿದರೂ ಸೂಕ್ಷ್ಮದರ್ಶಕದಲ್ಲಿ ರಕ್ತಕಣಗಳು ಕಾಣುವುದಿಲ್ಲ. ಮೂತ್ರಮಾರ್ಗದಲ್ಲಿ ರಕ್ತಸ್ರಾವವಾಗಿದ್ದರೆ ಕಣಗಳು ಕಾಣುತ್ತವೆ. ಸ್ನಾಯುಗಳು ಜಜ್ಜಿಹೋದಾಗ ಹೊರಬೀಳುವ ಮಯೋಗ್ಲೋಬಿನ್ ಸಹ ಪಟ್ಟಿಯ ಬಣ್ಣವನ್ನು ಬದಲಿಸುವುದರಿಂದ, ರಕ್ತಪರೀಕ್ಷೆಯಿಂದಲೇ ನಿರ್ಣಯಕ್ಕೆ ಬರಲಾಗುತ್ತದೆ. ಕಣನಾಶವು ದೀರ್ಘಕಾಲ ನಡೆದಿದ್ದರೆ ಮೂತ್ರದ ಗಸಿಯಲ್ಲಿ ಕಬ್ಬಿಣಾಂಶವುಳ್ಳ ಹಿಮೋಸಿಡರಿನ್ ಕಾಣಬಹುದು. ಪ್ರಷ್ಯನ್ ಬ್ಲೂ ಎಂಬ ವರ್ಣಪರೀಕ್ಷೆಯಲ್ಲಿ ಅದು ನೀಲಿಯಾಗುತ್ತದೆ.

ಮಲೇರಿಯಾ ರೋಗಿಗಳಿಗೆ ಈ ಅರಿವು ಅತ್ಯಗತ್ಯ. ವೈವಾಕ್ಸ್ ಮಲೇರಿಯಾ ಮರುಕಳಿಸದಂತೆ ಪ್ರೈಮಾಕ್ವಿನ್ ಮಾತ್ರೆಯನ್ನು ಸಾಮಾನ್ಯವಾಗಿ 14 ದಿನ ಕೊಡಲಾಗುತ್ತದೆ. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆಯುಳ್ಳವರಲ್ಲಿ ಈ ಔಷಧಿಯು ರಕ್ತಕಣಗಳನ್ನು ಒಡೆಯಬಲ್ಲದು. ಚಿಕಿತ್ಸೆಯ ಅವಧಿಯಲ್ಲಿ ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ಅಥವಾ ಅತಿಯಾದ ಆಯಾಸ, ಏದುಸಿರು ಕಂಡುಬಂದರೆ ಆ ಮಾತ್ರೆಯನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ವಿಳಂಬದಿಂದ ತೀವ್ರ ರಕ್ತಹೀನತೆ ಮತ್ತು ಮೂತ್ರಪಿಂಡಗಳಿಗೆ ಹಾನಿ ಉಂಟಾಗಬಹುದು.

ಪರೀಕ್ಷೆಗೆ ಮೂತ್ರವನ್ನು ಪ್ರಯೋಗಾಲಯದಲ್ಲಿಯೇ, ಶುಚಿಯಾದ ಸೀಸೆಯಲ್ಲಿ ಕೊಡುವುದು ಉತ್ತಮ. ಬಹಳ ಹೊತ್ತು ಇಟ್ಟ ಮೂತ್ರದಲ್ಲಿ ರಕ್ತಕಣಗಳು ತಾವೇ ಒಡೆಯಬಹುದು. ಬೆಳಕಿಗೆ ಯೂರೋಬಿಲಿನೋಜನ್ ಕೆಡುತ್ತದೆ. ಎರಡೂ ತಪ್ಪು ಫಲಿತಾಂಶಕ್ಕೆ ಕಾರಣಗಳು. ಕ್ಷಯರೋಗದ ರಿಫಾಂಪಿಸಿನ್ ಔಷಧಿ ಹಾಗೂ ಬೀಟ್‌ರೂಟ್ ಸೇವನೆಯಿಂದಲೂ ಮೂತ್ರ ಕೆಂಪಾಗುವುದುಂಟು. ಆದುದರಿಂದ ರೋಗಿಯು ತಾನು ಸೇವಿಸುತ್ತಿರುವ ಎಲ್ಲ ಔಷಧಿಗಳ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.